ವಿಯೆನ್ನಾದ ಗೋಡೆ ಮೇಲಿರೋದು ಯಾರದ್ದು

ಯುರೋಪಿನ ಮ್ಯೂಸಿಯಂ ವಿಷಯ ಎತ್ತಿದ್ರೆ ಸಾಕು, ನಮ್ಮ ಕಡೆ ಒಂದು ಮಾತು ಬಂದೇ ಬರುತ್ತೆ. "ಬಿಡಿ, ಎಲ್ಲಾ ಅಲ್ಲಿ ಇಲ್ಲಿ ಹೊಡ್ಕೊಂಡು ಬಂದು ಇಟ್ಕೊಂಡಿರೋದು ತಾನೇ." ಲಂಡನ್ ಬಗ್ಗೆ ಯಾರಾದ್ರೂ ಹೀಗಂದ್ರೆ ನಾನು ಎದುರು ಮಾತಾಡಲ್ಲ, ಯಾಕಂದ್ರೆ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿಂದ ಹೋದ ಟಿಪ್ಪುವಿನ ಮರದ ಹುಲಿ ಇವತ್ತಿಗೂ ಅಲ್ಲಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲೇ ಇದೆ, ಅದು ಹೇಗೆ ಹೋಯ್ತು ಅನ್ನೋದರಲ್ಲಿ ಯಾರಿಗೂ ಅನುಮಾನ ಇಲ್ಲ. ಆದ್ರೆ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾ ನೋಡ್ಕೊಂಡು ಬಂದ ಮೇಲೆ ಅದೇ ಮಾತು ಕಿವಿಗೆ ಬಿದ್ದಾಗ ಹೌದು ಅನ್ನೋಕೂ ಆಗ್ತಿಲ್ಲ, ಅಲ್ಲ ಅನ್ನೋಕೂ ಆಗ್ತಿಲ್ಲ. ಅಲ್ಲಿ ನೋಡಿದ್ರಲ್ಲಿ ಕೆಲವು ಮದುವೆ ಸಂಬಂಧದಿಂದ ಬಂದದ್ದು, ಕೆಲವು ಉಡುಗೊರೆ, ಕೆಲವು ಯಾರದೋ ತಲೆ ಹೋದಾಗ ಅವರ ಮನೆ ಸಾಮಾನು ಮಾರಾಟಕ್ಕೆ ಬಂದು ದುಡ್ಡು ಕೊಟ್ಟು ತಂದದ್ದು, ಇನ್ನು ಕೆಲವು ಅದೇ ಊರಿನವರು ಅದೇ ಊರಿನ ಪಕ್ಕದ ಬೀದಿಯವರ ಮನೆಯಿಂದ ಕಿತ್ಕೊಂಡದ್ದು. ಈ ಕೊನೆಯದ್ದೇ ನನ್ನನ್ನ ಬಿಡದೆ ಕಾಡ್ತಿರೋದು.

ಅಕ್ಕ ಭಾವ ಇರೋದು ಡ್ಯಾನ್ಯೂಬ್ ನದಿ ಆಚೆ, ಯುಎನ್ ಕಟ್ಟಡಗಳ ಹತ್ತಿರ. ಅಮ್ಮನ್ನ ಕರ್ಕೊಂಡು ಹೋಗಿದ್ದೆ. ಬೆಳಗ್ಗೆ ತಿಂಡಿ ಮುಗಿಸಿ ಮೆಟ್ರೋ ಯು1 ಹತ್ತಿ, ಸ್ಟೆಫಾನ್ಸ್‌ಪ್ಲಾಟ್ಸ್‌ನಲ್ಲಿ ಬದಲಾಯಿಸಿ ಮ್ಯೂಸಿಯಂ ಕಡೆ ಹೋಗೋದೇ ನಮ್ಮ ದಿನಚರಿ ಆಗಿಬಿಟ್ಟಿತ್ತು. ಅಕ್ಕನ ಮಗಳು ಹೈಸ್ಕೂಲು, ಅಲ್ಲೇ ಬೆಳೆದವಳು, ಅವಳು ಜೊತೆಗೆ ಬಂದ್ರೆ ಅವಳಿಗೆ ಟಿಕೆಟ್ ಇಲ್ಲ, ಅಲ್ಲಿನ ಸರ್ಕಾರಿ ಮ್ಯೂಸಿಯಂಗಳಲ್ಲಿ 2010ರಿಂದ 19 ವರ್ಷದೊಳಗಿನವರಿಗೆ ಪೂರ್ತಿ ಫ್ರೀ. (ಹೋಗೋರಿಗೆ ಒಂದು ಮಾತು, ವಾರದ ರಜೆ ಒಂದೊಂದಕ್ಕೆ ಒಂದೊಂದು ದಿನ, ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಮಂಗಳವಾರ ಮುಚ್ಚಿರುತ್ತೆ, ನೋಡ್ಕೊಂಡು ಹೋಗಿ.) "ಇದು ಇಲ್ಲಿಗೆ ಹೇಗೆ ಬಂತು ಚಿಕ್ಕಮ್ಮ" ಅನ್ನೋ ಪ್ರಶ್ನೆ ಮೊದಲು ಕೇಳಿದ್ದು ಅವಳೇ, ಆಮೇಲೆ ಅದು ನನಗೆ ಅಂಟ್ಕೊಂಡು ಯಾವ ಹಾಲ್‌ಗೆ ಹೋದ್ರೂ ಚಿತ್ರಕ್ಕಿಂತ ಮೊದಲು ಅದರ ಹಾದಿ ಹುಡುಕೋ ಹಾಗಾಯ್ತು.

ಮರಿಯಾ ತೆರೇಸಾ ಮತ್ತೆ ನಮ್ಮ ಕರಾವಳಿ

ಊರಿನ ನಡುವೆ ಒಂದು ಚೌಕ. ಎರಡು ಕಡೆ ಎದುರುಬದುರಾಗಿ ಅವಳಿಜವಳಿ ಥರ ಎರಡು ಗುಮ್ಮಟದ ಕಟ್ಟಡ. ಒಂದು ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ, 1889ರಲ್ಲಿ ತೆರೆದದ್ದು, ಇನ್ನೊಂದು ಕುನ್ಸ್ಟ್‌ಹಿಸ್ಟೋರಿಷಸ್, ಅಂದ್ರೆ ಚಿತ್ರ ಶಿಲ್ಪಗಳದ್ದು, 1891. ಮಧ್ಯೆ ಒಂದು ಕಾಲಕ್ಕೆ ಆಸ್ಟ್ರಿಯಾ ಆಳಿದ ಮಹಾರಾಣಿ ಮರಿಯಾ ತೆರೇಸಾ ಪ್ರತಿಮೆಯಾಗಿ ಕೂತಿದ್ದಾಳೆ, ಸುತ್ತ ಅವಳ ಸೇನಾಪತಿಗಳು ಕುದುರೆ ಮೇಲೆ. ಈಕೆಗೂ ನಮಗೂ ಏನೂ ಸಂಬಂಧ ಇಲ್ಲ ಅಂತ ನಾನು ಅಂದ್ಕೊಂಡಿದ್ದೆ, ಆದ್ರೆ ಸಂಬಂಧ ಇದೆ. ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯಿಂದ ಜಗಳ ಮಾಡ್ಕೊಂಡು ಆಚೆ ಬಂದ ವಿಲಿಯಂ ಬೋಲ್ಟ್ಸ್ ಅನ್ನೋನು ಇದೇ ರಾಣಿ ಹತ್ರ ಅನುಮತಿ ಪತ್ರ ತಗೊಂಡು, 1776ರಲ್ಲಿ "ಜೋಸೆಫ್ ಮತ್ತು ತೆರೇಸಾ" ಅನ್ನೋ ಹಡಗಿನಲ್ಲಿ ಇಟಲಿಯ ಲಿವೋರ್ನೊದಿಂದ ಹೊರಟು ಬಂದ. ಶ್ರೀರಂಗಪಟ್ಟಣದಲ್ಲಿ ಹೈದರ್ ಅಲಿಯನ್ನ ಕಂಡು ಮಂಗಳೂರು, ಕಾರವಾರ, ಬಲಿಯಾಪಟ್ಟಂನಲ್ಲಿ ವ್ಯಾಪಾರದ ಕೋಠಿ ಹಾಕೋಕೆ ಒಪ್ಪಿಗೆ ಪಡೆದ. ನಿಕೋಬಾರ್‌ಗೂ ಆ ಹಡಗು ಹೋಯ್ತು, ಅಲ್ಲಿನ ತೆರೆಸ್ಸಾ ದ್ವೀಪಕ್ಕೆ ಇವತ್ತಿಗೂ ಈಕೆಯ ಹೆಸರೇ. ಆ ಸಾಹಸ ಯಾವುದೂ ಜಾಸ್ತಿ ದಿನ ನಿಲ್ಲಲಿಲ್ಲ, ಬೋಲ್ಟ್ಸ್ ಕಟ್ಟಿದ ಕಂಪನಿ ದಿವಾಳಿ ಆಯ್ತು. ನಿಂತಿದ್ರೆ ಏನಾಗ್ತಿತ್ತೋ ಯಾರಿಗೆ ಗೊತ್ತು. ಅಮ್ಮನಿಗೆ ಇದನ್ನೆಲ್ಲ ಹೇಳ್ತಾ ಇದ್ರೆ ಅವಳು ತಲೆ ಎತ್ತಿ ರಾಣಿಯನ್ನ ನೋಡಿ, "ಕಾರವಾರದ ತನಕ ಕೈ ಚಾಚಿದ್ಳಾ ಇವಳು" ಅಂದಳು.

ಇದನ್ನ ಹೇಳಿದ್ದು ಯಾಕಂದ್ರೆ, ಹ್ಯಾಬ್ಸ್‌ಬರ್ಗ್ ಅನ್ನೋ ಈ ರಾಣಿಯ ಮನೆತನದವರು ಒಳ್ಳೆಯವರು, ಸಮುದ್ರ ದಾಟಿ ಯಾರ ಮೇಲೂ ಹೋಗಲಿಲ್ಲ ಅಂತ ವಾದ ಮಾಡೋರಿದ್ದಾರೆ. ಹೋಗಲಿಲ್ಲ ಅಂತಲ್ಲ, ಹೋದ ಕಡೆ ನಿಲ್ಲಲಿಲ್ಲ ಅಷ್ಟೇ. ಅವರ ಬಲ ಬೇರೆ ಕಡೆ ಇತ್ತು. ಬೇರೆಯವರು ಯುದ್ಧ ಮಾಡಲಿ, ಪುಣ್ಯವಂತ ಆಸ್ಟ್ರಿಯಾ ನೀನು ಮದುವೆ ಮಾಡ್ಕೋ ಅಂತ ಲ್ಯಾಟಿನ್‌ನಲ್ಲಿ ಒಂದು ಹಳೇ ಸಾಲೇ ಇದೆ ಆ ಮನೆತನದ ಬಗ್ಗೆ. ಬರ್ಗಂಡಿ, ಸ್ಪೇನ್, ಬೊಹೀಮಿಯಾ, ಹಂಗೇರಿ, ಇವೆಲ್ಲ ಅವರ ಕೈಗೆ ಬರೋಕೆ ಬೀಗತನಗಳ ಪಾಲು ದೊಡ್ಡದು. ನೆಲ ಬಂದ ಹಾಗೇ ಅಲ್ಲಿನ ಚಿತ್ರಗಳೂ ಬಂದವು. ಕೆಳಗಿನ ಮಹಡಿಯಲ್ಲಿ ಇಟಲಿಯ ಶಿಲ್ಪಿ ಚೆಲ್ಲೀನಿ ಮಾಡಿದ ಬಂಗಾರದ ಉಪ್ಪಿನ ಪಾತ್ರೆ ಇದೆ, ಫ್ರಾನ್ಸಿನ ದೊರೆಗೆ ಮಾಡಿದ್ದು. 1570ರಲ್ಲಿ ಫ್ರೆಂಚ್ ದೊರೆ ಒಂಬತ್ತನೇ ಚಾರ್ಲ್ಸ್‌ನ ಮದುವೆ ನಡೆದಾಗ ವರನ ಪರವಾಗಿ ನಿಂತುಕೊಂಡ ಹ್ಯಾಬ್ಸ್‌ಬರ್ಗ್ ಮನೆಯ, ಹೆಣ್ಣಿನ ಚಿಕ್ಕಪ್ಪನಿಗೆ ಅದು ಉಡುಗೊರೆಯಾಗಿ ಬಂತು. 2003ರಲ್ಲಿ ಕಳ್ಳತನ ಆಗಿ, 2006ರಲ್ಲಿ ಕಾಡಿನಲ್ಲಿ ಹೂತಿಟ್ಟ ಪೆಟ್ಟಿಗೆಯಲ್ಲಿ ಸಿಕ್ಕಿತು. ಜನ ಅದರ ಮುಂದೆ ಮಾತಾಡೋದು ಬರೀ ಆ ಕಳ್ಳತನದ್ದೇ.

ಬ್ರೂಗಲ್ ಕೋಣೆಯಲ್ಲಿ ಅಮ್ಮ

ಮೇಲಿನ ಮಹಡಿಯ ಬ್ರೂಗಲ್ ಕೋಣೆಗೆ ಬರೋಷ್ಟರಲ್ಲಿ ಅಮ್ಮನಿಗೆ ಮಂಡಿ ನೋವು ಶುರುವಾಗಿತ್ತು. ನಡುವೆ ಮೆತ್ತನೆ ಸೋಫಾ ಇದ್ವು, ಕೂತಳು. ಪೀಟರ್ ಬ್ರೂಗಲ್ ಮಾಡಿದ ಹನ್ನೆರಡು ಚಿತ್ರ ಈ ಮ್ಯೂಸಿಯಂ ಒಂದರಲ್ಲೇ ಇವೆ, ಪ್ರಪಂಚದಲ್ಲಿ ಇನ್ನೆಲ್ಲೂ ಒಂದೇ ಕಡೆ ಇಷ್ಟು ಇಲ್ಲ. ಅವಳ ಎದುರಿಗೆ ಇದ್ದದ್ದು ಹಳ್ಳಿ ಮದುವೆ ಊಟದ ಚಿತ್ರ, 1567ರ ಸುಮಾರಿನದ್ದು. ಕಣಜದಂಥ ಜಾಗ, ಹಿಂದೆ ಗೋಡೆ ಎತ್ತರಕ್ಕೆ ಒಟ್ಟಿರೋ ಹುಲ್ಲು, ಉದ್ದದ ಮೇಜು, ಎರಡೂ ಕಡೆ ಜನ. ಹಸಿರು ಬಟ್ಟೆ ಮುಂದೆ ಹೆಣ್ಣು ಕೈಕಟ್ಟಿ ಕೂತಿದ್ದಾಳೆ, ಏನೂ ತಿಂತಿಲ್ಲ. ಮುಂದೆ ನೆಲದ ಮೇಲೆ ಒಂದು ಮಗು ನವಿಲುಗರಿ ಸಿಕ್ಕಿಸಿದ ದೊಡ್ಡ ಟೋಪಿ ಹಾಕ್ಕೊಂಡು ಬೆರಳು ನೆಕ್ತಾ ಇದೆ.

ಅಮ್ಮ ತುಂಬಾ ಹೊತ್ತು ನೋಡಿದಳು. ಅಷ್ಟು ಹೊತ್ತು ಅವಳು ಯಾವ ಚಿತ್ರವನ್ನೂ ನೋಡಿರಲಿಲ್ಲ. ಆಮೇಲೆ, "ಗಂಡು ಎಲ್ಲೇ?" ಅಂದಳು.

ನಾನೂ ಹುಡುಕಿದೆ, ಅಕ್ಕನ ಮಗಳೂ ಹುಡುಕಿದಳು. ಹೆಣ್ಣು ಯಾರು ಅಂತ ಥಟ್ಟನೆ ಗೊತ್ತಾಗುತ್ತೆ, ಗಂಡು ಯಾರು ಅಂತ ಗೊತ್ತೇ ಆಗಲ್ಲ. ಆಮೇಲೆ ಓದಿದ್ರೆ ಕಲೆಯ ಇತಿಹಾಸ ಬರೆಯೋರೇ ಈ ವಿಷಯಕ್ಕೆ ತಲೆ ಕೆಡಿಸ್ಕೊಂಡಿದ್ದಾರೆ, ಎಡಗಡೆ ಹೂಜಿಗೆ ಸುರೀತಾ ಇರೋನೇ ಗಂಡು ಅಂತ ಕೆಲವರು, ಬಡಿಸ್ತಾ ಇರೋರಲ್ಲಿ ಒಬ್ಬ ಅಂತ ಕೆಲವರು, ಇನ್ನೂ ಕೆಲವರು ಆ ಕಾಲದ ಪದ್ಧತಿ ಪ್ರಕಾರ ಅವನು ಅಲ್ಲಿ ಇರಲೇಬೇಕು ಅಂತಿಲ್ಲ ಅಂತಾರೆ. ಅಮ್ಮನ ಕಣ್ಣು ಅಷ್ಟರಲ್ಲಿ ಬಡಿಸೋರ ಮೇಲೆ ಹೋಗಿತ್ತು. "ಬಾಗಿಲು ಕಿತ್ತು ಅದರ ಮೇಲೆ ತಟ್ಟೆ ಇಟ್ಕೊಂಡು ಹೊತ್ಕೊಂಡು ಬರ್ತಿದಾರಲ್ಲೇ, ನಮ್ಮ ಭೀಮಣ್ಣನ ಮದುವೇಲಿ ಕೊಟ್ಟಿಗೆ ಬಾಗಿಲು ತೆಗೆದು ಎಲೆ ಹೊತ್ತು ತರೋಕೆ ಬಳಸಿರಲಿಲ್ವಾ, ಹಾಗೆ." ನಿಜವಾಗಲೂ ಅದು ಬಾಗಿಲೇ, ಎರಡು ಜನ ಹೊತ್ತಿದ್ದಾರೆ, ಮೇಲೆ ಗಂಜಿ ಥರದ್ದು ತುಂಬಿದ ತಟ್ಟೆಗಳು. ಅದರ ಕೆಳಗೆ ನೋಡಿದ್ರೆ ಒಂದು ಪಾದ ಹೆಚ್ಚಿಗೆ ಇರೋ ಹಾಗೆ ಕಾಣುತ್ತೆ, ಅದು ಯಾರದ್ದು ಅಂತಲೂ ಜನ ವಾದ ಮಾಡ್ತಾರೆ. ಅಕ್ಕನ ಮಗಳು ಅದನ್ನ ತೋರಿಸಿದ ಮೇಲೆ ಅಜ್ಜಿ ಮೊಮ್ಮಗಳು ಇಬ್ಬರೂ ಕಾಲು ಎಣಿಸ್ತಾ ಕೂತರು. ಗಾರ್ಡ್ ಒಬ್ಬಳು ಹತ್ತಿರ ಬಂದು ನೋಡಿ, ನಕ್ಕು ಹೋದಳು.

ಈ ಚಿತ್ರದಲ್ಲಿರೋ ಹಳ್ಳಿಯವರ ಮನೆಯಲ್ಲಿ ಇದು ಒಂದು ದಿನವೂ ಇದ್ದಿರೋಕೆ ಸಾಧ್ಯ ಇಲ್ಲ. ಬ್ರೂಗಲ್ ಚಿತ್ರ ಕೊಂಡೋರು ಪಟ್ಟಣದ ಸಾಹುಕಾರರು. ಅದೇ ಕೋಣೆಯಲ್ಲಿ "ಹಿಮದಲ್ಲಿ ಬೇಟೆಗಾರರು" ಇದೆ, 1565ರದ್ದು, ವರ್ಷದ ಕಾಲಗಳ ಮೇಲೆ ಮಾಡಿದ ಆರು ಚಿತ್ರದಲ್ಲಿ ಒಂದು. ಮಾಡಿಸಿದವನು ಆಂಟ್ವರ್ಪ್‌ನ ವ್ಯಾಪಾರಿ ನಿಕೊಲಾಸ್ ಯೊಂಗೆಲಿಂಕ್. ಮಾರನೇ ವರ್ಷವೇ ತನ್ನ ಹತ್ತಿರ ಇದ್ದ ಹದಿನಾರು ಬ್ರೂಗಲ್ ಚಿತ್ರಗಳನ್ನ ಸ್ನೇಹಿತನೊಬ್ಬನ ತೆರಿಗೆ ಬಾಕಿಗೆ ಜಾಮೀನಾಗಿ ಒತ್ತೆ ಇಟ್ಟ. ವೈನ್ ಮೇಲಿನ ತೆರಿಗೆ, 16,000 ಗಿಲ್ಡರ್. 1594ರಲ್ಲಿ ಆಂಟ್ವರ್ಪ್ ನಗರಸಭೆ ಆ ಕಾಲಗಳ ಚಿತ್ರಗಳನ್ನ ಹೊಸದಾಗಿ ಬಂದ ಹ್ಯಾಬ್ಸ್‌ಬರ್ಗ್ ಗವರ್ನರ್ ಅರ್ನ್ಸ್ಟ್‌ಗೆ ಕಾಣಿಕೆ ಕೊಟ್ಟಿತು. ಆಳೋಕೆ ಬಂದವನಿಗೆ ಊರಿನವರು ಕೊಡೋ ಕಾಣಿಕೆಯನ್ನ ಪೂರಾ ಮನಸ್ಸಾರೆ ಕೊಟ್ಟದ್ದು ಅನ್ನಬೇಕಾ, ಬೇಡವಾ, ನನಗೆ ಆ ಸೋಫಾ ಮೇಲೆ ಕೂತಾಗಿಂದ ತೀರ್ಮಾನ ಆಗಿಲ್ಲ.

ಆ ಆರರಲ್ಲಿ ಈಗ ಉಳಿದಿರೋದು ಐದು, ಮೂರು ಇಲ್ಲಿವೆ. ನಾಲ್ಕನೇದು, ಸುಗ್ಗಿಯದ್ದು, 1809ರಲ್ಲಿ ನೆಪೋಲಿಯನ್ ವಿಯೆನ್ನಾ ಹಿಡಿದಾಗ ಅವನ ಕಡೆಯ ಗವರ್ನರ್ ಕೈ ಸೇರಿ ಪ್ಯಾರಿಸ್‌ಗೆ ಹೋಯ್ತು, ಎಷ್ಟೋ ಕೈ ಬದಲಾಗಿ ಈಗ ನ್ಯೂಯಾರ್ಕಿನಲ್ಲಿದೆ. ಬೇಟೆಗಾರರೂ ಆಗ ಪ್ಯಾರಿಸ್‌ಗೆ ಹೋಗಿದ್ರು, ನೆಪೋಲಿಯನ್ ಸೋತ ಮೇಲೆ 1815ರಲ್ಲಿ ವಾಪಸ್ ಬಂದ್ರು. ಹುಲ್ಲು ಕೊಯ್ಲಿನದ್ದು ಪ್ರಾಗ್‌ನ ಲೊಬ್ಕೊವಿಟ್ಸ್ ಮನೆತನದ್ದು, ಅವರಿಂದ ನಾಜಿಗಳು ಕಿತ್ಕೊಂಡ್ರು, ಆಮೇಲೆ ಕಮ್ಯುನಿಸ್ಟರು ಕಿತ್ಕೊಂಡ್ರು, 1990ರ ನಂತರ ಮನೆಯವರಿಗೆ ಸೇರಿತು. ಒಬ್ಬನೇ ಮನುಷ್ಯ ಒಂದೇ ವರ್ಷ ಮಾಡಿದ ಚಿತ್ರಗಳಿಗೆ ಎಂಥೆಂಥ ಹಣೆಬರಹ. ಒತ್ತೆ, ಕಾಣಿಕೆ, ಲೂಟಿ, ಜಪ್ತಿ, ವಾಪಸಾತಿ ಎಲ್ಲವೂ ಈ ಒಂದು ಸೆಟ್‌ನಲ್ಲೇ ಸಿಗುತ್ತೆ. ಅದಕ್ಕೇ ನನಗೆ ಯುರೋಪಿನ ಮ್ಯೂಸಿಯಂ ಅಂದ್ರೆ ಲೂಟಿ ಅಂತ ಒಂದೇ ಪದದಲ್ಲಿ ಮುಗಿಸೋಕೆ ಮನಸ್ಸು ಬರಲ್ಲ. ಕ್ಷಮಿಸೋಕೆ ಹೇಳ್ತಿಲ್ಲ, ಒಂದೊಂದಕ್ಕೂ ಬೇರೆ ಬೇರೆ ವಿಚಾರಣೆ ಆಗಬೇಕು ಅಂತಿದ್ದೀನಿ.

ಡಚ್ ಚಿತ್ರಕಾರ ವೆರ್ಮೀರ್‌ನ ಒಂದು ಚಿತ್ರ ಅದೇ ಮಹಡಿಯಲ್ಲಿದೆ, "ಚಿತ್ರಕಲೆ" ಅಂತ ಹೆಸರು. ಪರದೆ ಸರಿಸಿದ ಹಾಗೆ ಶುರುವಾಗುತ್ತೆ, ನಮಗೆ ಬೆನ್ನು ಹಾಕಿ ಕೂತ ಚಿತ್ರಕಾರ, ಅವನ ಎದುರು ತಲೆ ಮೇಲೆ ಎಲೆಗಳ ಕಿರೀಟ, ಕೈಯಲ್ಲಿ ಕಹಳೆ, ಪುಸ್ತಕ ಹಿಡಿದ ಹುಡುಗಿ. ಅವಳು ಕ್ಲಿಯೊ, ಇತಿಹಾಸದ ದೇವತೆ. ಈ ಚಿತ್ರವನ್ನ 1940ರಲ್ಲಿ ಹಿಟ್ಲರ್ 16 ಲಕ್ಷ 50 ಸಾವಿರ ರೈಷ್‌ಮಾರ್ಕ್ ಕೊಟ್ಟು ಚೆರ್ನಿನ್ ಮನೆತನದವರಿಂದ ಕೊಂಡ, ಲಿಂಟ್ಸ್ ಊರಲ್ಲಿ ತಾನು ಕಟ್ಟಬೇಕು ಅಂತಿದ್ದ ಮ್ಯೂಸಿಯಂಗೆ. ಯುದ್ಧದ ಕೊನೆಯಲ್ಲಿ ಆಲ್ಟೌಸೆ ಅನ್ನೋ ಉಪ್ಪಿನ ಗಣಿಯೊಳಗೆ ಸಿಕ್ತು, ಅಮೆರಿಕದವರು ಆಸ್ಟ್ರಿಯಾಕ್ಕೆ ಒಪ್ಪಿಸಿದ್ರು. ಮನೆಯವರು, ಆ ಮಾರಾಟ ಭಯದಲ್ಲಿ ಆದದ್ದು, ವಾಪಸ್ ಕೊಡಿ ಅಂತ ಕೇಳಿದ್ರು. 2011ರಲ್ಲಿ ಸರ್ಕಾರದ ಸಲಹಾ ಮಂಡಳಿ, ಅದು ಒಪ್ಪಿ ಮಾಡಿದ ಮಾರಾಟ, ಕೊಡಬೇಕಾಗಿಲ್ಲ ಅಂತು. ನನಗೆ ಆ ತೀರ್ಪು ಸರಿ ಅನ್ನಿಸುತ್ತೆ, ಆದ್ರೂ ಕ್ಲಿಯೊಳ ಮುಖ ನೋಡ್ತಾ ಇದನ್ನೆಲ್ಲ ನೆನೆಸ್ಕೊಂಡ್ರೆ ಒಂಥರಾ ಆಗುತ್ತೆ.

ಅಡೆಲೆ ಇಲ್ಲದ ಬೆಲ್ವೆಡೆರ್

ಬೆಲ್ವೆಡೆರ್ ಅರಮನೆಗೆ ಜನ ಹೋಗೋದೇ ವಿಯೆನ್ನಾದ ಚಿತ್ರಕಾರ ಕ್ಲಿಮ್ಟ್‌ನ "ಮುತ್ತು" (ದಿ ಕಿಸ್) ನೋಡೋಕೆ. ಅದರ ಮುಂದೆ ಯಾವಾಗಲೂ ಫೋನ್ ಎತ್ತಿದ ಕೈಗಳೇ. ಅದರ ಮೇಲೆ ಯಾರ ತಕರಾರೂ ಇಲ್ಲ, 1908ರಲ್ಲಿ ಸರ್ಕಾರವೇ ನೇರವಾಗಿ 25,000 ಕ್ರೌನ್ ಕೊಟ್ಟು ಕೊಂಡದ್ದು. ನಾನು ಮನಸ್ಸಲ್ಲಿ ಇಟ್ಕೊಂಡು ಹೋಗಿದ್ದು 2006ರ ತನಕ ಅಲ್ಲಿದ್ದು ಈಗ ಇಲ್ಲದ ಅಡೆಲೆ ಬ್ಲಾಕ್-ಬಾವರ್‌ಳ ಬಂಗಾರದ ಚಿತ್ರವನ್ನ. ಕಥೆ ಬಹಳ ಜನಕ್ಕೆ ಗೊತ್ತು, ಹಾಗಾಗಿ ನನಗೆ ಮುಖ್ಯ ಅನ್ಸಿದ್ದು ಮಾತ್ರ ಹೇಳ್ತೀನಿ. ಅಡೆಲೆ 1925ರಲ್ಲಿ ತೀರಿಹೋದಳು. ಗಂಡ ಕಾಲವಾದ ಮೇಲೆ ಕ್ಲಿಮ್ಟ್ ಚಿತ್ರಗಳನ್ನ ಮ್ಯೂಸಿಯಂಗೆ ಕೊಡಿ ಅಂತ ಉಯಿಲಿನಲ್ಲಿ ಕೇಳ್ಕೊಂಡಿದ್ದಳು. 1938ರಲ್ಲಿ ನಾಜಿಗಳು ಬಂದ್ರು, ಯಹೂದಿಯಾಗಿದ್ದ ಗಂಡ ಫರ್ಡಿನಾಂಡ್ ಓಡಿಹೋಗಬೇಕಾಯ್ತು, ಮನೆ, ಸಕ್ಕರೆ ಕಾರ್ಖಾನೆ, ಚಿತ್ರ ಎಲ್ಲಾ ಹೋಯ್ತು, 1945ರಲ್ಲಿ ಜೂರಿಚ್‌ನಲ್ಲಿ ಸಾಯುವಾಗ ಆತ ತನ್ನದೆಲ್ಲವನ್ನೂ ಸೋದರನ ಮಕ್ಕಳಿಗೆ ಬರೆದಿಟ್ಟ. ಯುದ್ಧ ಮುಗಿದ ಮೇಲೂ ಆಸ್ಟ್ರಿಯಾ, ಅಡೆಲೆಯ ಉಯಿಲೇ ನಮ್ಮ ಆಧಾರ ಅಂತ ಚಿತ್ರಗಳನ್ನ ಬಿಡಲಿಲ್ಲ. ಆ ಮಕ್ಕಳಲ್ಲಿ ಒಬ್ಬಳಾದ ಮರಿಯಾ ಆಲ್ಟ್‌ಮನ್ ಅಮೆರಿಕದ ಸುಪ್ರೀಂ ಕೋರ್ಟ್ ತನಕ ಹೋಗಿ, ಕೊನೆಗೆ 2006ರ ಜನವರಿಯಲ್ಲಿ ಪಂಚಾಯ್ತಿದಾರರು ಐದು ಚಿತ್ರ ವಾಪಸ್ ಕೊಡಿ ಅಂದ್ರು. ಅಡೆಲೆ ಕೇಳ್ಕೊಂಡದ್ದು ಆಸೆ, ಆಜ್ಞೆ ಅಲ್ಲ, ಮೇಲಾಗಿ ಚಿತ್ರಗಳ ಯಜಮಾನ ಗಂಡ, ಇದು ಅವರ ತೀರ್ಮಾನ.

ಉಯಿಲು ಗಿಯಿಲು ಕಾನೂನಿನ ಮಾತು ಬಿಟ್ಟು ನೋಡಿದ್ರೂ ನನಗೆ ಇದರಲ್ಲಿ ಗೊಂದಲ ಇಲ್ಲ. ತನ್ನ ಊರಿನ ಮ್ಯೂಸಿಯಂ ಮೇಲೆ ಪ್ರೀತಿ ಇಟ್ಕೊಂಡು ಚಿತ್ರ ಕೊಡಬೇಕು ಅಂದ ಹೆಂಗಸಿನ ಮನೆಯವರನ್ನೇ ಆ ಊರು ಓಡಿಸಿತು. ಓಡಿಸಿದ ಮೇಲೆ, ಅವಳು ಕೊಡ್ತೀನಿ ಅಂದಿದ್ದಳಲ್ಲ ಅಂತ ಅದೇ ಪ್ರೀತಿಯನ್ನ ದಾಖಲೆ ಮಾಡ್ಕೊಂಡು ಹಕ್ಕು ಕೇಳೋದು ನನಗೆ ಸಹಿಸೋಕೆ ಆಗಲ್ಲ. ಚಿತ್ರ ಈಗ ನ್ಯೂಯಾರ್ಕಿನ ಒಂದು ಸಣ್ಣ ಮ್ಯೂಸಿಯಂನಲ್ಲಿದೆ. ವಿಯೆನ್ನಾಕ್ಕೆ ಅದು ದೊಡ್ಡ ನಷ್ಟ, ಆ ನಷ್ಟ ಆಗಬೇಕಾದ್ದೇ ಆಗಿತ್ತು.

ಆಸ್ಟ್ರಿಯಾದಲ್ಲಿ ಹೀಗೆ ನಾಜಿ ಕಾಲದಲ್ಲಿ ಕಿತ್ಕೊಂಡದ್ದನ್ನ ವಾಪಸ್ ಕೊಡೋಕೆ ಕಾನೂನು ಬಂದದ್ದು 1998ರಲ್ಲಿ, ಅದೂ ಆಸ್ಟ್ರಿಯಾದ ಚಿತ್ರಕಾರ ಶೀಲೆಯ "ವಾಲಿ" ಚಿತ್ರ ಪ್ರದರ್ಶನಕ್ಕೆ ಅಂತ ನ್ಯೂಯಾರ್ಕಿಗೆ ಹೋದಾಗ ಅಲ್ಲಿ ತಡೆ ಹಾಕಿ, ಸುದ್ದಿ ಆದ ಮೇಲೆ. ಆವತ್ತಿಂದ ಸರ್ಕಾರಿ ಮ್ಯೂಸಿಯಂಗಳಲ್ಲಿ ಚಿತ್ರದ ಹಿಂಭಾಗದ ಮುದ್ರೆ, ಹರಾಜಿನ ಪಟ್ಟಿ, ಹಳೇ ಪತ್ರ ಎಲ್ಲಾ ಇಟ್ಕೊಂಡು ಇದು ಯಾರ ಮನೆಯಿಂದ ಬಂತು ಅಂತ ಹುಡುಕೋದೇ ಒಂದು ಇಲಾಖೆಯ ಕೆಲಸ. ಅದು ಸುಲಭ ಅಂದ್ಕೋಬೇಡಿ. ನೋರಾ ಸ್ಟಿಯಾಸ್ನಿ ಅನ್ನೋ ಯಹೂದಿ ಹೆಂಗಸು 1938ರಲ್ಲಿ ತನ್ನ ಕ್ಲಿಮ್ಟ್ ಚಿತ್ರವನ್ನ ಸಿಕ್ಕಿದ ಬೆಲೆಗೆ ಮಾರಬೇಕಾಯ್ತು, 1942ರಲ್ಲಿ ಅವಳನ್ನ ಸಾಗಿಸಿ ಕೊಂದರು. ಅವಳ ವಾರಸುದಾರರಿಗೆ ಬೆಲ್ವೆಡೆರ್‌ನಲ್ಲಿದ್ದ "ಸೇಬಿನ ಮರ 2" ಅನ್ನೋ ಚಿತ್ರವನ್ನ 2001ರಲ್ಲಿ ಕೊಟ್ಟರು. ಆಮೇಲೆ ಗೊತ್ತಾಯ್ತು, ಅವಳದ್ದು ಅದಲ್ಲ. ಅವಳದ್ದು "ಮರಗಳ ಕೆಳಗೆ ಗುಲಾಬಿ", ಅದು ಪ್ಯಾರಿಸ್‌ನ ಓರ್ಸೆ ಮ್ಯೂಸಿಯಂನಲ್ಲಿತ್ತು, ಫ್ರಾನ್ಸ್ 2022ರಲ್ಲಿ ಕಾನೂನು ಮಾಡಿ ಅದನ್ನ ಬಿಟ್ಟುಕೊಟ್ಟಿತು. ಎರಡು ಚಿತ್ರದಲ್ಲೂ ಹಸಿರು ಮರ. ಕಾಗದದಲ್ಲಿ ಹೆಸರು ಒಂದಕ್ಕೊಂದು ಬೆರೆತುಹೋಗಿತ್ತು, ಬಾಯಲ್ಲಿ ಹೇಳಬೇಕಾದವಳನ್ನ ಕೊಂದಾಗಿತ್ತು. ನ್ಯಾಯ ತಡವಾದ್ರೆ ಏನಾಗುತ್ತೆ ಅನ್ನೋದಕ್ಕೆ ನನಗೆ ಇದಕ್ಕಿಂತ ದುಃಖದ ಉದಾಹರಣೆ ಗೊತ್ತಿಲ್ಲ.

ಬೆರ್ಗ್‌ಗಾಸ್ಸೆ 19

ಮನೋವಿಶ್ಲೇಷಣೆ ಶುರು ಮಾಡಿದ ಯಹೂದಿ ವೈದ್ಯ ಸಿಗ್ಮಂಡ್ ಫ್ರಾಯ್ಡ್ ಮನೆಗೆ ಅಮ್ಮ ಬರಲಿಲ್ಲ, ಇಳಿಜಾರು ಬೀದಿ, ಅಕ್ಕನ ಜೊತೆ ತರಕಾರಿ ಮಾರ್ಕೆಟ್ಟಿಗೆ ಹೋದಳು. ನಾನು, ಅಕ್ಕನ ಮಗಳು ಇಬ್ಬರೇ ಹೋದ್ವಿ. 1891ರಿಂದ 1938ರ ತನಕ, 47 ವರ್ಷ ಅವರು ಇದ್ದ, ಕೆಲಸ ಮಾಡಿದ ಜಾಗ. ಪೇಷಂಟ್‌ಗಳು ಕಾಯ್ತಾ ಕೂರ್ತಿದ್ದ ಕೋಣೆಯಲ್ಲಿ ಹಳೇ ಕುರ್ಚಿ ಸೋಫಾ ಇವೆ, ಮಗಳು ಆನಾ ಫ್ರಾಯ್ಡ್ ಕೊಟ್ಟದ್ದು. ಅಲ್ಲಿಂದ ಬಾಗಿಲು ದಾಟಿ ಒಳಗೆ, ಜಗತ್ತಿನಲ್ಲೇ ಹೆಸರಾದ ಆ ಕೋಣೆಗೆ ಹೋದ್ರೆ ಅಲ್ಲಿ ಏನೂ ಇಲ್ಲ. ಗೋಡೆ, ಕಿಟಕಿ, ನೆಲ. ಪೇಷಂಟ್ ಮಲಗ್ತಿದ್ದ, ಮೇಲೆ ಪರ್ಷಿಯನ್ ಕಂಬಳಿ ಹಾಸಿದ ಆ ಮಂಚ ಲಂಡನ್‌ನಲ್ಲಿದೆ, ಫ್ರಾಯ್ಡ್ ಕೊನೆಯ ವರ್ಷ ಇದ್ದ ಮನೆಯಲ್ಲಿ.

ನಮ್ಮ ಮುಂದೆ ಇದ್ದ ಒಂದು ಜೋಡಿ ಒಳಗೆ ಬಂದು, ಸುತ್ತ ನೋಡಿ, ಇಷ್ಟೇನಾ ಅನ್ನೋ ಹಾಗೆ ಮುಖ ಮಾಡ್ಕೊಂಡು ಹೊರಗೆ ಹೋದ್ರು. ನಾವಿಬ್ಬರೇ ಉಳಿದ್ವಿ. ಅಕ್ಕನ ಮಗಳು ಕೋಣೆ ನಡುವೆ ನಿಂತು, "ಹೊಸದೊಂದು ಮಾಡಿಸಿ ಇಡಬಹುದಿತ್ತಲ್ವಾ ಚಿಕ್ಕಮ್ಮ, ಅದೇ ಥರದ್ದು" ಅಂದಳು. ನಾನು ಏನಾದ್ರೂ ಹೇಳೋ ಮೊದಲೇ ಅವಳೇ, "ಇಟ್ಟಿದ್ರೆ ಅವರು ಇಲ್ಲೇ ಆರಾಮಾಗಿ ಇದ್ದು ಸತ್ತುಹೋದ್ರು ಅನ್ನೋ ಹಾಗೆ ಕಾಣ್ತಿತ್ತು" ಅಂದಳು. ಅವಳ ಸ್ಕೂಲಿನಿಂದ ಯೂಡೆನ್‌ಪ್ಲಾಟ್ಸ್ ಚೌಕಕ್ಕೆ ಕರ್ಕೊಂಡು ಹೋಗಿದ್ರಂತೆ, ರೇಚಲ್ ವೈಟ್‌ರೀಡ್ ಮಾಡಿದ ಕಾಂಕ್ರೀಟಿನ ಸ್ಮಾರಕ ಇರೋ ಜಾಗ. ಒಂದು ಗ್ರಂಥಾಲಯ, ಪುಸ್ತಕಗಳ ಬೆನ್ನು ಒಳಗಡೆ, ಯಾವುದರ ಹೆಸರೂ ಓದೋಕೆ ಆಗಲ್ಲ, ಬಾಗಿಲಿಗೆ ಹಿಡಿ ಇಲ್ಲ. ಕೊಂದ 65,000 ಆಸ್ಟ್ರಿಯನ್ ಯಹೂದಿಗಳ ನೆನಪಿಗೆ ಅದನ್ನ 2000ದಲ್ಲಿ ಮಾಡಿದ್ದು. ಅವಳ ಟೀಚರ್ ಅಲ್ಲಿ ಒಂದೂ ಮಾತಾಡದೆ ಸುಮ್ಮನೆ ಸುತ್ತು ಹಾಕೋಕೆ ಬಿಟ್ಟರಂತೆ.

ಗೋಡೆ ಮೇಲೆ ಫೋಟೋಗಳಿವೆ. 1938ರ ಮೇ ತಿಂಗಳಲ್ಲಿ, ನಾಜಿಗಳ ಗುಪ್ತ ಪೊಲೀಸರಾದ ಗೆಸ್ಟಾಪೊದವರು ಮನೆ ಮೇಲೆ ಕಣ್ಣಿಟ್ಟಿದ್ದಾಗ, ಎಡ್ಮಂಡ್ ಎಂಗಲ್ಮನ್ ಅನ್ನೋ ಯುವಕ ಫ್ಲ್ಯಾಶ್ ಹಾಕದೆ ಒಂದೊಂದು ಮೂಲೆಯನ್ನೂ ತೆಗೆದದ್ದು. ಮುಂದಿನ ತಿಂಗಳು 4ನೇ ತಾರೀಖು ಫ್ರಾಯ್ಡ್ ರೈಲು ಹತ್ತಿದ್ರು. ದೇಶ ಬಿಟ್ಟುಹೋಗೋಕೂ ತೆರಿಗೆ ಕಟ್ಟಬೇಕಿತ್ತು. ಅವರು ಜೀವನ ಪೂರ್ತಿ ಕೂಡಿಟ್ಟ ಹಳೇ ಈಜಿಪ್ಟ್, ಗ್ರೀಕ್ ಗೊಂಬೆಗಳನ್ನ ಹೊರಗೆ ಬಿಡಬೇಕಾ ಅಂತ ಬೆಲೆ ಕಟ್ಟೋಕೆ ಬಂದವರು ಬ್ರೂಗಲ್ ಇರೋ ಅದೇ ಕುನ್ಸ್ಟ್‌ಹಿಸ್ಟೋರಿಷಸ್ ಮ್ಯೂಸಿಯಂನ ಹಾನ್ಸ್ ಡೆಮೆಲ್. ಆತ ಕಮ್ಮಿ ಬೆಲೆ ಬರೆದುಕೊಟ್ಟದ್ದರಿಂದ ಅವು ಲಂಡನ್ನಿಗೆ ಹೋಗೋಕೆ ಆಯ್ತು. ಮ್ಯೂಸಿಯಂನ ಮನುಷ್ಯನೊಬ್ಬ ತನ್ನ ಮ್ಯೂಸಿಯಂಗೆ ಬರಬಹುದಾಗಿದ್ದ ವಸ್ತುವನ್ನ ಹೋಗೋಕೆ ಬಿಟ್ಟ ಉದಾಹರಣೆ ನನಗೆ ಆ ಊರಲ್ಲಿ ಸಿಕ್ಕಿದ್ದು ಇದೊಂದೇ, ಅದಕ್ಕೆ ಆ ಹೆಸರನ್ನ ಇಲ್ಲಿ ಬರೀತಿದ್ದೀನಿ. ವಯಸ್ಸಾದ ನಾಲ್ವರು ತಂಗಿಯರು ವಿಯೆನ್ನಾದಲ್ಲೇ ಉಳಿದ್ರು. 1942ರಲ್ಲಿ ಅವರನ್ನ ಶಿಬಿರಗಳಿಗೆ ಸಾಗಿಸಿದ್ರು, ಒಬ್ಬರೂ ವಾಪಸ್ ಬರಲಿಲ್ಲ. ಫ್ರಾಯ್ಡ್ ಹೋದ ಮೇಲೆ ಇದೇ ಕಟ್ಟಡದ ಮನೆಗಳಲ್ಲಿ ಬೇರೆ ಕಡೆಯಿಂದ ಹೊರಗೆ ಹಾಕಿದ ಯಹೂದಿ ಕುಟುಂಬಗಳನ್ನ ತುಂಬಿ, ಅಲ್ಲಿಂದಲೇ ಕಳಿಸಿದ್ರು.

ಅಷ್ಟು ಬಂಗಾರ, ಅಷ್ಟು ಅಮೃತಶಿಲೆ ನೋಡಿದ ಮೇಲೆ ಏನೂ ಇಲ್ಲದ ಆ ಕೋಣೆಯೇ ನನಗೆ ವಿಯೆನ್ನಾದ ಅತ್ಯಂತ ಒಳ್ಳೆಯ ಮ್ಯೂಸಿಯಂ ಅನ್ನಿಸ್ತು. ಬಂದವರಿಗೆ ಬೇಜಾರಾಗುತ್ತೆ ಅಂತ ಗೊತ್ತಿದ್ದೂ ಅದನ್ನ ಹಾಗೇ ಬಿಟ್ಟಿದ್ದಾರಲ್ಲ, ಆ ಧೈರ್ಯಕ್ಕೆ.

ಗರಿಯ ಕಿರೀಟ

ಬೇರೆ ಬೇರೆ ದೇಶದ ಜನರ ವಸ್ತುಗಳನ್ನ ಇಟ್ಟಿರೋ ವೆಲ್ಟ್‌ಮ್ಯೂಸಿಯಂನಲ್ಲಿ, ಹಳೇ ಅರಮನೆಯ ಒಂದು ಭಾಗದಲ್ಲಿ, ಗಾಜಿನ ದೊಡ್ಡ ಪೆಟ್ಟಿಗೆಯೊಳಗೆ ಒಂದು ಗರಿಯ ಕಿರೀಟ ಇದೆ. ಒಂದು ಮೀಟರಿಗೂ ಮಿಗಿಲು ಎತ್ತರ. ಮೆಕ್ಸಿಕೊದ ಕಾಡಿನ ಕೆಟ್ಸಾಲ್ ಹಕ್ಕಿಯ ಹಸಿರು ಗರಿ, ನಡುವೆ ನೀಲಿ, ಕೆಂಪು, ಚಿನ್ನದ ಬಿಲ್ಲೆಗಳು. ಪೆನಾಚೊ ಅಂತಾರೆ. ಸ್ಪೇನಿನವರು ಸೋಲಿಸಿದ ಅಜ್ಟೆಕ್ ದೊರೆ ಮೊಕ್ಟೆಜುಮಾನದ್ದು ಅಂತ ಪ್ರತೀತಿ, ಅವನೇ ಹಾಕ್ಕೊಂಡಿದ್ದ ಅನ್ನೋದಕ್ಕೆ ಪುರಾವೆ ಇಲ್ಲ. 1596ರ ಅರಮನೆ ಪಟ್ಟಿಯಲ್ಲಿ ಇದನ್ನ "ಮೂರ್" ಜನರ, ಅಂದ್ರೆ ಉತ್ತರ ಆಫ್ರಿಕಾದ ಮುಸ್ಲಿಮರ ಟೋಪಿ ಅಂತ ಬರೆದಿದ್ದಾರೆ, ಯಾವ ದೇಶದ್ದು ಅಂತಲೂ ಗೊತ್ತಿರಲಿಲ್ಲ ಇಟ್ಕೊಂಡೋರಿಗೆ. 1878ರಲ್ಲಿ ಫರ್ಡಿನಾಂಡ್ ಹೊಖ್‌ಷ್ಟೆಟರ್ ಅದನ್ನ ಮತ್ತೆ ಪತ್ತೆ ಮಾಡಿದ್ರು. ಈತ ನೊವಾರಾ ಹಡಗಿನಲ್ಲಿ ಮದರಾಸು, ನಿಕೋಬಾರ್ ಎಲ್ಲಾ ಸುತ್ತಿ ಬಂದ ಭೂವಿಜ್ಞಾನಿ. ಅದೇ ನೊವಾರಾ ಹಡಗಿನಲ್ಲಿ 1864ರಲ್ಲಿ ಹ್ಯಾಬ್ಸ್‌ಬರ್ಗ್ ಮನೆಯ ಮ್ಯಾಕ್ಸಿಮಿಲಿಯನ್ ಮೆಕ್ಸಿಕೊಗೆ ಚಕ್ರವರ್ತಿ ಆಗೋಕೆ ಹೋದ, 1867ರಲ್ಲಿ ಅಲ್ಲಿನವರು ಅವನನ್ನ ಗುಂಡಿಟ್ಟು ಕೊಂದ ಮೇಲೆ ಹೆಣ ಬಂದದ್ದೂ ಅದೇ ಹಡಗಿನಲ್ಲಿ.

ಮೆಕ್ಸಿಕೊ ಎಷ್ಟೋ ವರ್ಷದಿಂದ ಕೇಳ್ತಿದೆ. ಎರಡೂ ದೇಶದ ಪರಿಣಿತರು ಸೇರಿ ಪರೀಕ್ಷೆ ಮಾಡಿ, ಗರಿ ಎಷ್ಟು ಹಳತಾಗಿದೆ ಅಂದ್ರೆ ವಿಮಾನದ ಕಂಪನವನ್ನ ತಡ್ಕೊಳ್ಳಲ್ಲ ಅಂದಿದ್ದಾರೆ. 2020ರಲ್ಲಿ ಮೆಕ್ಸಿಕೊ ಅಧ್ಯಕ್ಷರ ಹೆಂಡತಿ ಖುದ್ದು ಬಂದು ಕೇಳಿದ್ರೂ ಆಸ್ಟ್ರಿಯಾ ಒಪ್ಪಲಿಲ್ಲ. ಅಮ್ಮನಿಗೆ ಇದನ್ನ ಹೇಳಿದಾಗ ಒಂದು ಕ್ಷಣವೂ ಯೋಚನೆ ಮಾಡದೆ, "ಅವರದ್ದು ಅವರಿಗೆ ಕೊಟ್ಬಿಡ್ಲಿ" ಅಂದಳು. "ದಾರೀಲಿ ಮುರಿದುಹೋಗುತ್ತೆ ಅಜ್ಜಿ" ಅಂದಳು ಮೊಮ್ಮಗಳು. "ಹಾಗಾದ್ರೆ ನಿಮ್ಮದೇ ಕಣಪ್ಪಾ, ನಮ್ಮ ಹತ್ರ ಜೋಪಾನವಾಗಿ ಇರಲಿ ಅಂತ ಬರೆದುಕೊಡ್ಲಿ, ಅಷ್ಟಕ್ಕೇನು" ಅಂದಳು ಅಮ್ಮ.

ಅಮ್ಮ ಹೇಳಿದ್ದು ಸುಮ್ಮನೆ ಮಾತಲ್ಲ, ಇದನ್ನ ಮಾಡಿದವರಿದ್ದಾರೆ. ಈಗಿನ ನೈಜೀರಿಯಾದಲ್ಲಿದ್ದ ಹಳೇ ಬೆನಿನ್ ರಾಜ್ಯದ ಕಂಚಿನ ಶಿಲ್ಪಗಳ ವಿಷಯದಲ್ಲಿ ಜರ್ಮನಿ 2022ರಲ್ಲಿ ಮಾಡಿದ್ದು ಇದನ್ನೇ. ಬರ್ಲಿನ್‌ನಲ್ಲಿದ್ದ 512 ವಸ್ತುಗಳ ಒಡೆತನ ನೈಜೀರಿಯಾಗೆ ಬರೆದುಕೊಟ್ಟು, ಅದರಲ್ಲಿ ಮೂರನೇ ಒಂದು ಭಾಗವನ್ನ ಅವರಿಂದಲೇ ಸಾಲ ತಗೊಂಡು ಬರ್ಲಿನ್‌ನಲ್ಲೇ ಉಳಿಸ್ಕೊಂಡ್ರು. ಗರಿ ಅಲುಗಾಡದೆ ಒಡೆತನ ಬದಲಾಗಬಹುದು, ಆಗ ಅದನ್ನ ಎಷ್ಟು ಬೆಳಕಿನಲ್ಲಿಡಬೇಕು, ಯಾರು ಮುಟ್ಟಬೇಕು, ಪಕ್ಕದ ಫಲಕದಲ್ಲಿ ಏನು ಬರೀಬೇಕು ಅನ್ನೋದನ್ನ ಮೆಕ್ಸಿಕೊದವರು ಹೇಳ್ತಾರೆ, ಆಸ್ಟ್ರಿಯಾದವರು ಕೇಳ್ತಾರೆ. ಕಂಪನದ ವಾದ ಸಾಗಾಟಕ್ಕೆ ಸರಿ, ಸಹಿಗೆ ಅಡ್ಡಿ ಬರಲ್ಲ. ವಸಾಹತು ಕಾಲದ ವಸ್ತುಗಳಿಗೂ 1998ರ ಥರದ ಕಾನೂನು ಬೇಕು ಅಂತ ಆಸ್ಟ್ರಿಯಾ ಸರ್ಕಾರವೇ ನೇಮಿಸಿದ ಸಮಿತಿ 2023ರಲ್ಲಿ ಶಿಫಾರಸು ಮಾಡಿದೆ. ಪಕ್ಕದ ಮನೆಯವರಿಂದ ಕಿತ್ಕೊಂಡದ್ದಕ್ಕೆ, ತಡವಾಗಿಯಾದ್ರೂ, ಚಿತ್ರದ ಹಿಂಭಾಗದ ಮುದ್ರೆ ತನಕ ಹುಡುಕಿದ ಊರು ಅದು. ಅಷ್ಟೇ ಶ್ರದ್ಧೆ ಸಮುದ್ರದಾಚೆಯವರ ವಿಷಯದಲ್ಲೂ ತೋರಿಸಲಿ, ಪೆನಾಚೊದಿಂದಲೇ ಶುರು ಮಾಡಲಿ ಅಂತ ನನಗೆ ತುಂಬಾ ಆಸೆ ಇದೆ.